ಟೆಡ್ಡಿ ವೇಷದೊಳಗೆ ಬೇಯದೆ ಇರುವುದು ಹೇಗೆ?

ಅಂಗಡಿ ಓಪನಿಂಗ್, ಬರ್ತ್‌ಡೇ ಪಾರ್ಟಿ, ಮದುವೆ ರಿಸೆಪ್ಷನ್, ಕಾಲೇಜು ಫೆಸ್ಟ್. ಈಗ ಎಲ್ಲಿ ಹೋದರೂ ಒಂದು ಟೆಡ್ಡಿ ಕರಡಿ ಬಾಗಿಲಲ್ಲಿ ಕೈ ಬೀಸುತ್ತಾ ನಿಂತಿರುತ್ತದೆ. ಆ ಕರಡಿಯೊಳಗೆ ನಿಲ್ಲುವ ಹುಡುಗರು, ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಒಳಗೆ ಸೆಕೆ ತಡೆಯೋಕೆ ಆಗಲ್ಲ, ಏನು ಮಾಡೋದು?" ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು. ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ. ಟೆಡ್ಡಿ, ಪಾಂಡಾ, ಕಾಲೇಜಿನ ಮ್ಯಾಸ್ಕಾಟ್ ಅಂದರೆ ಲಾಂಛನದ ಗೊಂಬೆ, ಹಬ್ಬದ ಕರಡಿ ವೇಷ, ಯಾವುದೇ ಇರಲಿ, ತುಪ್ಪಳ ಮತ್ತು ಸ್ಪಂಜು ಇರುವ ವೇಷಕ್ಕೆಲ್ಲ ಇದು ನಡೆಯುತ್ತದೆ.

ಮೊದಲು ಒಂದು ಲೆಕ್ಕ. ಸುಮ್ನೆ ಕೂತವರ ಮೈ ಸುಮಾರು 100 ವ್ಯಾಟ್ ಬಿಸಿ ಹೊರಗೆ ಬಿಡುತ್ತದೆ. ಕುಣಿಯುತ್ತಾ ಓಡಾಡುತ್ತಾ ಇದ್ದರೆ ಅದು 300 ವ್ಯಾಟ್‌ಗೆ ಏರುತ್ತದೆ. ಈ ಬಿಸಿಯನ್ನು ಹೊರಗೆ ಹಾಕಲು ಮೈಗೆ ಇರುವ ದೊಡ್ಡ ಉಪಾಯ ಬೆವರು. ಆದರೆ ಬೆವರು ಬಂದರೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಿದರೆ ತಣ್ಣಗಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಏಳು ಕೆಜಿ ಐಸ್ ಕರಗಿದಷ್ಟು ಬಿಸಿ ಮೈಯಿಂದ ಹೋಗುತ್ತದೆ. ಅದೇ ಒಂದು ಲೀಟರ್ ಬೆವರು ತೊಟ್ಟಿಕ್ಕಿ ಶೂ ಒಳಗೆ ಸೇರಿದರೆ? ಏನೂ ಲಾಭವಿಲ್ಲ, ಮೈಯಿಂದ ನೀರು ಹೋಗಿದ್ದಷ್ಟೇ ಬಂತು.

ಟೆಡ್ಡಿ ವೇಷದ ತೊಂದರೆ ಇರುವುದು ಇಲ್ಲೇ. ಹೊರಗಿರುವುದು ಕೃತಕ ತುಪ್ಪಳ, ಅಂದರೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ನೂಲಿನ ಕೂದಲು ನೆಟ್ಟ ಬಟ್ಟೆ. ಒಳಗೆ ಫೋಮ್, ಅಂದರೆ ಸೋಫಾದಲ್ಲಿ ಹಾಕುವ ಸ್ಪಂಜು. ಎರಡೂ ಗಾಳಿಯನ್ನು ಹಿಡಿದು ನಿಲ್ಲಿಸುತ್ತವೆ. ಹತ್ತು ನಿಮಿಷದಲ್ಲಿ ಒಳಗಿನ ಗಾಳಿ ನಿಮ್ಮದೇ ಬೆವರಿನ ಆವಿಯಿಂದ ತುಂಬಿಹೋಗುತ್ತದೆ. ಆಮೇಲೆ ಬೆವರು ಆರುವುದಕ್ಕೆ ಜಾಗವೇ ಇರುವುದಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಕೆಲಸ ಎರಡೇ: ಒದ್ದೆ ಗಾಳಿಯನ್ನು ಹೊರಗೆ ಹಾಕುವುದು, ಹೊತ್ತಿಗೆ ಸರಿಯಾಗಿ ನೀವೇ ಹೊರಗೆ ಬರುವುದು. ಐಸ್, ವೆಸ್ಟ್ ಎಲ್ಲ ಅದರ ನಂತರ.

ಹಂತ 1: ವೇಷವನ್ನು ಅಂಗಡಿಯಲ್ಲೇ ಹಾಕಿ ನೋಡಿ

ಬಾಡಿಗೆಗೆ ತರುವವರು ಬಣ್ಣ ನೋಡಿ, ಮುಖ ನೋಡಿ ಎತ್ತಿಕೊಂಡು ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಮೂರು ಪರೀಕ್ಷೆ ಮಾಡಿ.

ತಲೆ ಹಾಕಿಕೊಂಡು ಎರಡು ನಿಮಿಷ ಜೋರಾಗಿ ಉಸಿರಾಡಿ. ಮುಖಕ್ಕೆ ಬಿಸಿ ಉಸಿರೇ ವಾಪಸ್ ಹೊಡೆಯುತ್ತಿದ್ದರೆ ಆ ತಲೆ ಬೇಡ. ಬಾಯಿಯೋ ಮೂಗೋ ಬಲೆ ಬಟ್ಟೆಯದ್ದಾಗಿರಬೇಕು. ಅದು ಬರೀ ಪೇಂಟ್ ಮಾಡಿದ ಬಾಯಿ ಆಗಿದ್ದರೆ ಗಾಳಿ ಎಲ್ಲಿಂದ ಬರಬೇಕು?

ಕೈಗವಸು ಹಾಕಿಕೊಂಡೇ ತಲೆ ತೆಗೆಯಿರಿ. ಐದು ಎಣಿಸುವುದರೊಳಗೆ ಬರಬೇಕು. ಗಲ್ಲದ ಕೆಳಗೆ ಗಂಟು ಹಾಕುವ ದಾರ ಇದ್ದರೆ ಬಿಚ್ಚಿ ಬಿಸಾಡಿ, ಬದಲಿಗೆ ವೆಲ್ಕ್ರೋ ಹಾಕಿಸಿ. ಎಳೆದರೆ ಚರ್ ಅಂತ ಬಿಡುತ್ತಲ್ಲ, ಆ ಪಟ್ಟಿ.

ಇನ್ನು ಜಿಪ್. ಟೆಡ್ಡಿ ವೇಷಗಳ ಜಿಪ್ ಸಾಮಾನ್ಯವಾಗಿ ಬೆನ್ನಿಗಿರುತ್ತದೆ. ದಪ್ಪ ಕೈಗವಸಿನಲ್ಲಿ ಅದು ಸಿಗುವುದೇ ಇಲ್ಲ. ಜಿಪ್ಪಿನ ತುದಿಗೆ ಒಂದು ಮೊಳ ಲಾಡಿ ಕಟ್ಟಿ ತುಪ್ಪಳದೊಳಗೆ ಮರೆಮಾಡಿ. ಎರಡು ರೂಪಾಯಿಯ ಲಾಡಿ ಒಂದು ದಿನ ನಿಮ್ಮನ್ನು ಉಳಿಸುತ್ತದೆ.

ಅಳತೆ ಒಂದು ಸೈಜ್ ದೊಡ್ಡದೇ ಇರಲಿ. ಮೈಗೆ ಅಂಟಿದ ವೇಷದಲ್ಲಿ ಗಾಳಿ ಓಡಾಡುವುದಿಲ್ಲ.

ಹಂತ 2: ಗಾಳಿಗೆ ದಾರಿ ಮಾಡಿ

ಎಲ್ಲಕ್ಕಿಂತ ಮುಖ್ಯ ಇದು, ಸ್ವಲ್ಪ ನಿಧಾನವಾಗಿ ಓದಿ.

ತಲೆಯಿಂದ ಶುರು ಮಾಡೋಣ. ಬಹಳಷ್ಟು ವೇಷಗಳಲ್ಲಿ ಫೋಮ್ ನೇರವಾಗಿ ನೆತ್ತಿಯ ಮೇಲೆ ಕೂರುತ್ತದೆ. ಕಟ್ಟಡ ಕೆಲಸದವರು ಹಾಕುವ ಸೇಫ್ಟಿ ಹೆಲ್ಮೆಟ್ ನೋಡಿದ್ದೀರಲ್ಲ, ಅದರೊಳಗೆ ಪ್ಲಾಸ್ಟಿಕ್ ಪಟ್ಟಿಗಳ ಒಂದು ಜಾಲ ಇರುತ್ತದೆ. ಚಿಪ್ಪು ತಲೆಗೆ ತಾಗದಂತೆ ಎತ್ತಿ ಹಿಡಿಯುವುದೇ ಅದರ ಕೆಲಸ. ಆ ಜಾಲವನ್ನು ಬಿಚ್ಚಿ ಟೆಡ್ಡಿ ತಲೆಯೊಳಗೆ ಕೂರಿಸಿ. ನೆತ್ತಿಗೂ ಫೋಮಿಗೂ ನಡುವೆ ಎರಡು ಬೆರಳು ಜಾಗ ಸಿಕ್ಕಿದರೂ ವ್ಯತ್ಯಾಸ ಗೊತ್ತಾಗುತ್ತದೆ. ತಲೆ ಅಲ್ಲಾಡುವುದೂ ಕಡಿಮೆಯಾಗುತ್ತದೆ.

ಆಮೇಲೆ ಫ್ಯಾನ್. ಕಂಪ್ಯೂಟರ್‌ನಲ್ಲಿ ಹಾಕುವ ಚಿಕ್ಕ ಫ್ಯಾನ್ ಸಾಕು, ನಾಲ್ಕು ಅಥವಾ ಐದು ಸೆಂಟಿಮೀಟರಿನದು, 5 ವೋಲ್ಟಿನದು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ, ಬೇರೆ ಊರಿನವರು ಆನ್‌ಲೈನ್ ತರಿಸಬಹುದು. 12 ವೋಲ್ಟಿನದು ತಂದರೆ ಪವರ್ ಬ್ಯಾಂಕಿನಲ್ಲಿ ಸರಿಯಾಗಿ ತಿರುಗುವುದಿಲ್ಲ, ನೋಡಿ ತನ್ನಿ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು: ಫ್ಯಾನನ್ನು ಮುಖದ ಕಡೆ ತಿರುಗಿಸಿ ಒಳಗೆ ಇಡುವುದು. ಹಾಯ್ ಅನ್ನಿಸುತ್ತದೆ, ನಿಜ. ಆದರೆ ಅದು ಒಳಗಿನ ಒದ್ದೆ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ, ಜೊತೆಗೆ ಕಣ್ಣು ಒಣಗುತ್ತದೆ. ಫ್ಯಾನ್ ಇರಬೇಕಾದ್ದು ಮೇಲೆ, ಕಿವಿಯ ಹಿಂದೆ ಅಥವಾ ನೆತ್ತಿಯ ಹಿಂಭಾಗದಲ್ಲಿ, ಗಾಳಿಯನ್ನು ಹೊರಗೆ ತಳ್ಳುವ ಹಾಗೆ. ಬಿಸಿ ಗಾಳಿ ಹೇಗೂ ಮೇಲೇರುತ್ತದೆ, ಫ್ಯಾನ್ ಅದನ್ನು ಆಚೆ ಹಾಕಿದರೆ ಹೊಸ ಗಾಳಿ ಬಾಯಿಯಿಂದ, ಕುತ್ತಿಗೆಯಿಂದ ತಾನೇ ಬರುತ್ತದೆ. ಸರಿಯಾಗಿದೆಯಾ ಅಂತ ನೋಡಲು ಒಂದು ಚೂರು ಟಿಶ್ಯೂ ಪೇಪರ್ ಅನ್ನು ಟೆಡ್ಡಿಯ ಬಾಯಿಯ ಹತ್ತಿರ ಹಿಡಿಯಿರಿ. ಅದು ಒಳಗೆ ಎಳೆದುಕೊಳ್ಳಬೇಕು. ಊದುಬತ್ತಿ ಹಿಡಿದು ಹೊಗೆ ನೋಡುವ ಬುದ್ಧಿವಂತಿಕೆ ಬೇಡ. ಈ ತುಪ್ಪಳಕ್ಕೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಓಪನಿಂಗ್ ದಿನದ ಆರತಿ, ಪಟಾಕಿ ಸರ, ಎರಡರಿಂದಲೂ ದೂರ ನಿಲ್ಲಿ.

ಫ್ಯಾನಿಗೆ ಒಳಗಡೆ ಬಲೆಯ ಗಾರ್ಡ್ ಇರಲೇಬೇಕು, ಇಲ್ಲದಿದ್ದರೆ ಕೂದಲು ಸಿಕ್ಕಿಕೊಳ್ಳುತ್ತದೆ. ಉದ್ದ ಕೂದಲಿನವರು ಜಡೆ ಹಾಕಿ ಒಳಗೆ ಸೇರಿಸಿಕೊಳ್ಳಿ.

ಪವರ್ ಬ್ಯಾಂಕ್ ವಿಷಯದಲ್ಲಿ ಒಂದು ಗುಟ್ಟು. ಕರೆಂಟ್ ತೀರಾ ಕಡಿಮೆ ಎಳೆದರೆ ಎಷ್ಟೋ ಪವರ್ ಬ್ಯಾಂಕುಗಳು "ಯಾರೂ ಚಾರ್ಜ್ ಮಾಡ್ತಿಲ್ಲ" ಅಂದುಕೊಂಡು ತಾವೇ ಆಫ್ ಆಗಿಬಿಡುತ್ತವೆ. ಒಂದೇ ಚಿಕ್ಕ ಫ್ಯಾನ್ ಹಾಕಿದವರು "ಸ್ವಲ್ಪ ಹೊತ್ತಿಗೇ ನಿಂತೋಗುತ್ತೆ" ಅನ್ನುವುದು ಹೆಚ್ಚಾಗಿ ಇದರಿಂದಲೇ. ಎರಡು ಫ್ಯಾನ್ ಹಾಕಿ, ಸರಿಹೋಗುತ್ತದೆ. ಮನೆಯಲ್ಲೇ ಒಂದು ಗಂಟೆ ಓಡಿಸಿ ನೋಡಿದ ಮೇಲೆ ಕೆಲಸಕ್ಕೆ ಒಯ್ಯಿರಿ. ಪವರ್ ಬ್ಯಾಂಕನ್ನು ತಲೆಯೊಳಗೆ ಇಡಬೇಡಿ. ಸೊಂಟದ ಪೌಚಿನಲ್ಲಿ, ಬೆವರು ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಬಿಡಿ ಲಿಥಿಯಂ ಸೆಲ್‌ಗಳನ್ನು ಟೇಪ್ ಸುತ್ತಿ ಮೈಗೆ ಕಟ್ಟಿಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಈಗ ಮೈ ಭಾಗ. ನಮ್ಮ ಮೆರವಣಿಗೆಗಳಲ್ಲಿ ಬರುವ ಗಾರುಡಿ ಗೊಂಬೆಗಳನ್ನು ನೆನಪಿಸಿಕೊಳ್ಳಿ. ಆಳಿಗಿಂತ ಎಷ್ಟೋ ಎತ್ತರದ ಗೊಂಬೆ, ಒಳಗೆ ಒಬ್ಬರು ಹೊತ್ತು ಕುಣಿಯುತ್ತಾರೆ. ಅದರ ಹೊಟ್ಟೆಯಲ್ಲಿ ಸ್ಪಂಜು ತುಂಬಿರುವುದಿಲ್ಲ. ಬಿದಿರಿನ ಚೌಕಟ್ಟು, ಮೇಲೆ ಬಟ್ಟೆ. ಬಟ್ಟೆ ಮೈಗೆ ತಾಗುವುದೇ ಇಲ್ಲ, ಕೆಳಗಿನಿಂದ ಗಾಳಿ ಬರುತ್ತದೆ. ಟೆಡ್ಡಿಯ ಡೊಳ್ಳು ಹೊಟ್ಟೆಗೂ ಇದೇ ಉಪಾಯ ಸಾಕು. ತುಂಬಿದ ಹತ್ತಿ, ಫೋಮ್ ತೆಗೆದು ಬೆತ್ತದ್ದೋ ತೆಳು ಪ್ಲಾಸ್ಟಿಕ್ ಪೈಪಿನದೋ ಎರಡು ಮೂರು ಬಳೆ ಹೊಲಿಸಿ. ಹೊರಗಿನಿಂದ ಹೊಟ್ಟೆ ಅಷ್ಟೇ ದಪ್ಪ ಕಾಣುತ್ತದೆ, ಒಳಗೆ ಖಾಲಿ. ಸ್ವಂತ ವೇಷವಾಗಿದ್ದರೆ ಕಂಕುಳಲ್ಲಿ, ತೊಡೆಸಂದಿಯಲ್ಲಿ, ಬೆನ್ನುಹುರಿಯ ಉದ್ದಕ್ಕೂ ತುಪ್ಪಳ ಕತ್ತರಿಸಿ ಬಲೆ ಬಟ್ಟೆ ಹಾಕಿಸಿ. ಅಕ್ಕಪಕ್ಕದ ಉದ್ದ ಕೂದಲು ಅದನ್ನು ಮುಚ್ಚಿಕೊಳ್ಳುತ್ತದೆ, ಫೋಟೋದಲ್ಲೂ ಕಾಣುವುದಿಲ್ಲ. ಬಾಡಿಗೆ ವೇಷಕ್ಕೆ ಕತ್ತರಿ ಹಾಕಿದರೆ ಡಿಪಾಸಿಟ್ ಹೋಗುತ್ತದೆ ಅಷ್ಟೆ!

ಗಾಳಿ ತುಂಬಿ ಉಬ್ಬಿಸುವ ವೇಷಗಳು ಬಂದಿವೆಯಲ್ಲ, ಅವುಗಳಲ್ಲಿ ಬ್ಲೋಯರ್ ಸದಾ ಹೊಸ ಗಾಳಿ ತುಂಬುತ್ತಿರುವುದರಿಂದ ಸೆಕೆ ಕಡಿಮೆ. ಬ್ಯಾಟರಿ ಮುಗಿದರೆ ಮಾತ್ರ ಪ್ಲಾಸ್ಟಿಕ್ ಚೀಲದಂತೆ ಮೈಗೆ ಸುತ್ತಿಕೊಳ್ಳುತ್ತದೆ. ಇನ್ನೊಂದು ಸೆಟ್ ಬ್ಯಾಟರಿ ಜೊತೆಗಿರಲಿ.

ಹಂತ 3: ಒಳಗೆ ಏನು ಹಾಕಬೇಕು

"ಸೆಕೆಗೆ ಕಾಟನ್ ಒಳ್ಳೇದು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಕಾಟನ್ ಬನಿಯನ್ ಬೆವರು ಕುಡಿದು ಭಾರವಾಗಿ ಮೈಗೆ ಅಂಟುತ್ತದೆ, ಆರುವುದೇ ಇಲ್ಲ. ಜಿಮ್‌ಗೆ, ಓಟಕ್ಕೆ ಹಾಕುವ ತೆಳು ಪಾಲಿಯೆಸ್ಟರ್ ಟೀಶರ್ಟ್, ಟೈಟ್ಸ್ ಹಾಕಿ. ಪೂರ್ತಿ ಕೈ, ಪೂರ್ತಿ ಕಾಲಿನದಾದರೆ ಒಳ್ಳೇದು. ತುಪ್ಪಳದ ಬಟ್ಟೆಯ ಒರಟು ಒಳಭಾಗ ಚರ್ಮಕ್ಕೆ ಉಜ್ಜುವುದಿಲ್ಲ, ಇನ್ನೊಬ್ಬರು ಹಾಕಿದ ವೇಷ ನೇರವಾಗಿ ಮೈಗೆ ತಾಗುವುದೂ ಇಲ್ಲ. ತಲೆಗೆ ಬೈಕಿನವರು ಹೆಲ್ಮೆಟ್ ಒಳಗೆ ಹಾಕುವ ತೆಳು ಮುಖಗವಸು. ಹಣೆಯ ಬೆವರು ಕಣ್ಣಿಗೆ ಇಳಿಯುವುದು ಇದರಿಂದ ನಿಲ್ಲುತ್ತದೆ. ಎಲ್ಲ ಎರಡೆರಡು ಜೊತೆ ಇಟ್ಟುಕೊಳ್ಳಿ. ಬ್ರೇಕಿನಲ್ಲಿ ಒಣ ಟೀಶರ್ಟ್ ಹಾಕಿಕೊಳ್ಳುವ ಸುಖ ಹಾಕಿಕೊಂಡವರಿಗೇ ಗೊತ್ತು.

ಹಂತ 4: ಐಸ್ ಮತ್ತು ಕೂಲಿಂಗ್ ವೆಸ್ಟ್

ಕೂಲಿಂಗ್ ವೆಸ್ಟ್ ಅಂದರೆ ತಂಪು ಇಡುವ ಜಾಕೆಟ್. ಎರಡು ಜಾತಿ ಇದೆ. ಒಂದು, ನೀರಲ್ಲಿ ನೆನೆಸಿ ಹಿಂಡಿ ಹಾಕಿಕೊಳ್ಳುವುದು. ಬೈಕ್ ಮೇಲೆ ಹೋಗುವವರಿಗೆ ಚೆನ್ನಾಗಿದೆ, ಗಾಳಿಗೆ ನೀರು ಆರಿ ತಂಪಾಗುತ್ತದೆ. ಟೆಡ್ಡಿಯೊಳಗೆ ಅದು ದಂಡ. ಬೆವರೇ ಆರದ ಕಡೆ ಈ ನೀರು ಎಲ್ಲಿ ಆರುತ್ತದೆ? ಒಳಗಿನ ಒದ್ದೆ ಇನ್ನೂ ಜಾಸ್ತಿಯಾಗುತ್ತದೆ. ಇದನ್ನು ಕೊಂಡು ದುಡ್ಡು ಕಳೆದುಕೊಂಡವರು ಬಹಳ ಜನ.

ಇನ್ನೊಂದು ಪಿಸಿಎಂ ವೆಸ್ಟ್. ಮೇಣದಂಥ ವಸ್ತು ತುಂಬಿದ ಪ್ಯಾಕುಗಳು ಇರುತ್ತವೆ. ಅದು ಒಂದು ಗೊತ್ತಾದ ಉಷ್ಣತೆಯಲ್ಲಿ, ಉದಾಹರಣೆಗೆ 15 ಅಥವಾ 28 ಡಿಗ್ರಿಯಲ್ಲಿ, ಕರಗುತ್ತಾ ಮೈಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಐಸಿನಷ್ಟು ಕೊರೆಯುವುದಿಲ್ಲ, ಐಸ್ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರೆ ಮತ್ತೆ ಗಟ್ಟಿಯಾಗುತ್ತದೆ. ಬೆಲೆ ಜಾಸ್ತಿ, ತೂಕವೂ ಇದೆ. ವಾರಕ್ಕೆ ನಾಲ್ಕು ದಿನ ಇದೇ ಕೆಲಸ ಮಾಡುವವರು ಕೊಳ್ಳಿ, ವರ್ಷಕ್ಕೊಮ್ಮೆ ಹಾಕುವವರಿಗೆ ಬೇಡ.

ಬಡವರ ಉಪಾಯ ಐಸ್ ಪ್ಯಾಕ್. ಟವೆಲಿನಲ್ಲಿ ಸುತ್ತಿ ಎದೆಗೂ ಬೆನ್ನಿಗೂ ಬರುವಂತೆ ಜೇಬಿರುವ ಬನಿಯನ್‌ನಲ್ಲಿ ಇಡಿ. ನೇರ ಚರ್ಮಕ್ಕೆ ತಾಗಿಸಿದರೆ ಚರ್ಮ ಸುಟ್ಟ ಹಾಗಾಗುತ್ತದೆ. ಲೆಕ್ಕ ಮರೆಯಬೇಡಿ: ಅರ್ಧ ಗಂಟೆ ಕುಣಿದರೆ ಸುಮಾರು 540 ಕಿಲೋಜೂಲ್ ಬಿಸಿ. ಒಂದು ಕೆಜಿ ಐಸ್ ಕರಗುವಾಗ ತಗೊಳ್ಳುವುದು 334. ಅಂದರೆ ಒಂದು ಕೆಜಿ ಐಸ್ ನಿಮಗೆ ಕೊಡುವುದು ಹತ್ತಿರ ಹತ್ತಿರ ಹದಿನೆಂಟು ನಿಮಿಷ, ಅದೂ ಎಲ್ಲ ತಂಪು ಮೈಗೇ ಸಿಕ್ಕಿದರೆ. ಕರಗಿದ ಮೇಲೆ ಅದು ಬರೀ ಹೊರೆ, ತೆಗೆದು ಹಾಕಿ.

ಹಂತ 5: ನೀರು ಮತ್ತು ಉಪ್ಪು

ಬಾತ್‌ರೂಮಿಗೆ ಹೋಗುವುದು ಕಷ್ಟ ಅಂತ ಬೆಳಗ್ಗಿನಿಂದ ನೀರೇ ಕುಡಿಯದೆ ಬರುವವರಿದ್ದಾರೆ. ತಲೆ ಸುತ್ತಿ ಬೀಳುವವರಲ್ಲಿ ಇವರೇ ಮೊದಲು. ವೇಷ ಹಾಕುವ ಎರಡು ಗಂಟೆ ಮೊದಲು ಅರ್ಧ ಲೀಟರ್ ಕುಡಿಯಿರಿ, ಹಾಕುವ ಮುಂಚೆ ಬಾತ್‌ರೂಮಿಗೆ ಹೋಗಿ ಬನ್ನಿ. ಆಮೇಲೆ ಪ್ರತಿ ಬ್ರೇಕಿಗೆ ಒಂದು ಲೋಟ. ಮೂತ್ರ ನಿಂಬೆ ಶರಬತ್ತಿನಂತೆ ತಿಳಿಯಾಗಿದ್ದರೆ ಸರಿ, ಡಿಕಾಕ್ಷನ್‌ನಂತಿದ್ದರೆ ನೀರು ಸಾಲದು.

ಹಾಗಂತ ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ಮೈಯ ಉಪ್ಪು ತೆಳುವಾಗಿ ಅದೂ ಅಪಾಯ. ಓಆರ್‌ಎಸ್ ತಗೊಳ್ಳಿ, ಬೇಧಿಯಾದಾಗ ಕೊಡುವ ಉಪ್ಪು ಸಕ್ಕರೆ ಪುಡಿ ಅದೇ. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಒಳ್ಳೆಯದು. ಎಳನೀರು ಕುಡಿಯಿರಿ, ಆದರೆ ಬೆವರಿನಲ್ಲಿ ಹೋಗುವ ಸೋಡಿಯಂ ಅದರಲ್ಲಿ ಕಡಿಮೆ. ಅದನ್ನೇ ನಂಬಿ ಕೂರಬೇಡಿ. ವೇಷ ಹಾಕುವ ಮುಂಚೆ ಪುಡಿ ಐಸ್ ಹಾಕಿದ ಶರಬತ್ತು ನಿಧಾನವಾಗಿ ಕುಡಿದರೆ ಒಳಗಿನಿಂದಲೇ ಮೈ ಸ್ವಲ್ಪ ತಣ್ಣಗಾಗಿ ಶುರುವಾಗುತ್ತದೆ. ಆಟಗಾರರೂ ಇದನ್ನು ಮಾಡುತ್ತಾರೆ.

ಜ್ವರ, ಬೇಧಿ, ಹಿಂದಿನ ರಾತ್ರಿಯ ಎಣ್ಣೆ, ಈ ಮೂರರಲ್ಲಿ ಒಂದಿದ್ದರೂ ಅವತ್ತು ವೇಷ ಬೇಡ. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ಬೆವರನ್ನು ಕಡಿಮೆ ಮಾಡುತ್ತವೆ, ಬಿಪಿಯ ಕೆಲವು ಮಾತ್ರೆಗಳು ಮೈಯ ನೀರನ್ನು ಇಳಿಸುತ್ತವೆ. ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ.

ಹಂತ 6: ಜೊತೆಗಾರ ಮತ್ತು ಗಡಿಯಾರ

ಜೊತೆಗಾರ ಇಲ್ಲದೆ ವೇಷ ಹಾಕಬೇಡಿ. ಈ ಕೆಲಸದಲ್ಲಿ ಹ್ಯಾಂಡ್ಲರ್ ಅನ್ನುತ್ತಾರೆ. ಕೈ ಹಿಡಿದು ನಡೆಸುವವರು, ಮಕ್ಕಳು ಬಾಲ ಎಳೆಯದಂತೆ ನೋಡಿಕೊಳ್ಳುವವರು, ಮುಖ್ಯವಾಗಿ ಟೈಮ್ ನೋಡುವವರು. ಒಳಗಿರುವವರಿಗೆ ಹೊತ್ತು ಗೊತ್ತಾಗುವುದಿಲ್ಲ.

ಒಂದು ಸಲ ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿಯ ಓಪನಿಂಗ್. ನನ್ನ ಜೊತೆಗಾರ ಟೀ ಕುಡಿಯಲು ಹೋದ. ಅಷ್ಟರಲ್ಲಿ ನನಗೆ ಕಣ್ಣು ಮಂಜಾಯಿತು. ಜಿಪ್ ಬೆನ್ನಿಗೆ, ಲಾಡಿ ಕಟ್ಟಿರಲಿಲ್ಲ. ಕೈ ಅಲ್ಲಾಡಿಸಿ ಕರೆದರೆ ಜನ ಡಾನ್ಸ್ ಅಂದುಕೊಂಡು ಚಪ್ಪಾಳೆ ತಟ್ಟಿದರು. ಆವತ್ತಿನಿಂದ ನಮ್ಮಲ್ಲಿ ಒಂದು ಸನ್ನೆ ಇದೆ: ಎರಡೂ ಕೈ ತಲೆಯ ಮೇಲೆ ಇಟ್ಟರೆ "ಈಗಲೇ ಹೊರಗೆ ಕರಕೊಂಡು ಹೋಗು". ಡಾನ್ಸಿನಲ್ಲಿ ಬರದಂಥ ಸನ್ನೆಯನ್ನೇ ಇಟ್ಟುಕೊಳ್ಳಿ.

ಟೈಮಿನ ಲೆಕ್ಕ ನನ್ನದು ಹೀಗಿದೆ. ಹೊಸಬರಿಗೆ ಹತ್ತು ನಿಮಿಷ. ಅಭ್ಯಾಸವಾದವರಿಗೆ ಎಸಿ ಹಾಲಿನಲ್ಲಿ ಇಪ್ಪತ್ತು, ಹೊರಗೆ ನೆರಳಿನಲ್ಲಿ ಹದಿನೈದು. ಒಳಗಿದ್ದಷ್ಟೇ ಹೊತ್ತು ಬ್ರೇಕ್, ಕಡಿಮೆ ಬೇಡ. ಮೈ ಸೆಕೆಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಸೀಸನ್ ಶುರುವಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಹಾಕಿ ಅಭ್ಯಾಸ ಮಾಡಿ.

ಊರೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ 33 ಡಿಗ್ರಿ ಇದ್ದರೂ ಹೊರಗಿನ ಗಾಳಿಯೇ ಒದ್ದೆ, ಫ್ಯಾನ್ ಎಳೆದುಕೊಂಡರೂ ಬೆವರು ನಿಧಾನಕ್ಕೆ ಆರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಗಾಳಿ ಒಣದು, ಆದರೆ 40 ದಾಟಿದರೆ ಅದು ನಮ್ಮ ಚರ್ಮಕ್ಕಿಂತ ಬಿಸಿ. ಬೆಂಗಳೂರು ತಂಪು ಅಂತ ಧೈರ್ಯ ಮಾಡಬೇಡಿ, 2016ರ ಏಪ್ರಿಲ್‌ನಲ್ಲಿ ಇಲ್ಲೂ 39.2 ಡಿಗ್ರಿ ಮುಟ್ಟಿತ್ತು. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲಿನಲ್ಲಿ ವೇಷ ಹಾಕಿ ಅಂದರೆ ನಾನು ಆಗಲ್ಲ ಅನ್ನುತ್ತೇನೆ. ಈ ಮಾತನ್ನು ಅಡ್ವಾನ್ಸ್ ತಗೊಳ್ಳುವ ದಿನವೇ ಆಡಿ. ಕೆಲಸದ ದಿನ ಹೇಳಿದರೆ "ಇನ್ನೈದು ನಿಮಿಷ ಅಷ್ಟೇ ಗುರು" ಅನ್ನುತ್ತಾರೆ, ಐದು ಇಪ್ಪತ್ತಾಗುತ್ತದೆ.

ಹಂತ 7: ಬ್ರೇಕಿನಲ್ಲಿ

ಮೊದಲು ತಲೆ, ಆಮೇಲೆ ಕೈಗವಸು, ಆಮೇಲೆ ಜಿಪ್ ಇಳಿಸಿ ಸೊಂಟದವರೆಗೆ ವೇಷ ಕೆಳಗೆ. ವೇಷ ಹಾಕಿಕೊಂಡೇ ಎಸಿ ಕೋಣೆಯಲ್ಲಿ ಕೂತರೆ ತಣ್ಣಗಾಗುವುದು ತುಪ್ಪಳ, ನೀವಲ್ಲ.

ಒಂದು ಬಕೆಟ್ ತಣ್ಣೀರು ಕೇಳಿ ಇಸ್ಕೊಳ್ಳಿ. ಎರಡೂ ಕೈಯನ್ನು ಮೊಣಕೈವರೆಗೆ ಹತ್ತು ನಿಮಿಷ ಮುಳುಗಿಸಿ ಕೂತುಕೊಳ್ಳಿ. ಅಂಗೈ, ಮುಂಗೈಯಲ್ಲಿ ರಕ್ತ ಜಾಸ್ತಿ ಓಡುತ್ತದೆ, ತಣ್ಣಗಾದ ರಕ್ತ ಮೈಗೆಲ್ಲ ಹೋಗುತ್ತದೆ. ಬೆಂಕಿ ಆರಿಸುವ ಸಿಬ್ಬಂದಿಗೂ ಹೇಳಿಕೊಡುವ ಉಪಾಯ ಇದು. ಮುಖಕ್ಕೆ ನೀರು ಎರಚಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಎಲ್ಲಿ ಕೂರುವುದು ಅನ್ನುವುದೂ ಮೊದಲೇ ಗೊತ್ತಿರಲಿ. ಅಮೆರಿಕದಲ್ಲಿ ತುಪ್ಪಳದ ವೇಷ ಹಾಕುವವರ ದೊಡ್ಡ ಮೇಳಗಳು ನಡೆಯುತ್ತವೆ, ಪಿಟ್ಸ್‌ಬರ್ಗ್‌ನ ಆಂಥ್ರೋಕಾನ್ ಅಂಥದ್ದೊಂದು. ಅಂಥ ಕಡೆ "ಹೆಡ್‌ಲೆಸ್ ಲೌಂಜ್" ಅಂತ ಒಂದು ಕೋಣೆ ಇಡುತ್ತಾರೆ. ತಲೆ ತೆಗೆದಿಟ್ಟು ಕೂರಲು ಫ್ಯಾನ್, ನೀರು ಎಲ್ಲ ಇರುವ ಜಾಗ, ಬೇರೆಯವರಿಗೆ ಪ್ರವೇಶ ಇಲ್ಲ. ನಮ್ಮಲ್ಲಿ ಕಲ್ಯಾಣ ಮಂಟಪದ ಸ್ಟೋರ್ ರೂಮ್ ಸಿಕ್ಕರೂ ಸಾಕು. ಅಡುಗೆ ಮನೆ ಪಕ್ಕದ್ದು ಮಾತ್ರ ಬೇಡ.

ಹಂತ 8: ಅಪಾಯದ ಗುರುತು

ತಲೆನೋವು, ವಾಂತಿ ಬಂದಂತಾಗುವುದು, ಕಾಲು ಹಿಡಿದುಕೊಳ್ಳುವುದು, ತಲೆ ಸುತ್ತು. ಇವುಗಳಲ್ಲಿ ಒಂದು ಬಂದರೂ ಅವತ್ತಿನ ಕೆಲಸ ಮುಗಿಯಿತು. ಮಕ್ಕಳ ಮುಂದೆ ತಲೆ ತೆಗೆಯಬಾರದು ಅನ್ನುವ ನಿಯಮ ನನಗೂ ಗೊತ್ತು. ಆದರೆ ತಲೆ ಸುತ್ತಿದರೆ ಇದ್ದಲ್ಲೇ ತೆಗೆಯಿರಿ. ಮಗು ಸ್ವಲ್ಪ ಹೊತ್ತು ಅಳುತ್ತದೆ, ಕೇಕ್ ಬಂದರೆ ಮರೆಯುತ್ತದೆ.

ಮಾತು ತೊದಲಿದರೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯದಿದ್ದರೆ, ಸಿಡುಕಿದರೆ, ಬಿದ್ದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿ ಮಿದುಳಿಗೆ ಪೆಟ್ಟು ಬೀಳುವ ಸ್ಥಿತಿ. ಬೆವರು ಬರುತ್ತಿದೆಯಲ್ಲ ಅಂತ ಸುಮ್ಮನಾಗಬೇಡಿ, ಬೆವರುತ್ತಿದ್ದರೂ ಇದು ಆಗುತ್ತದೆ. ಜೊತೆಗಾರ ಮಾಡಬೇಕಾದ್ದು: 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯಬೇಡಿ, ವೇಷ ಬಿಚ್ಚಿ, ಜಿಪ್ ಸಿಕ್ಕಿಕೊಂಡರೆ ಕತ್ತರಿಸಿ. ಮೈ ಮೇಲೆಲ್ಲ ನೀರು ಸುರಿದು ಜೋರಾಗಿ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆ ಸುತ್ತಿದ ಐಸ್ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ, ಕೊಡಬೇಡಿ. ಜೊತೆಗಾರನ ಬ್ಯಾಗಿನಲ್ಲಿ ಒಂದು ಕತ್ತರಿ ಯಾವಾಗಲೂ ಇರಲಿ.

ಹಂತ 9: ಮನೆಗೆ ಬಂದ ಮೇಲೆ

ಒದ್ದೆ ವೇಷವನ್ನು ಚೀಲಕ್ಕೆ ತುರುಕಿ ಇಟ್ಟರೆ ಮುಂದಿನ ವಾರ ವಾಸನೆ, ಅದರ ಮುಂದಿನ ವಾರ ಹುಳಕಡ್ಡಿ. ಬೆವರುಸಾಲೆಯಂತೂ ಗ್ಯಾರಂಟಿ. ಒಳಭಾಗ ಹೊರಗೆ ಬರುವಂತೆ ತಿರುಗಿಸಿ ಫ್ಯಾನ್ ಕೆಳಗೆ ನೇತು ಹಾಕಿ. ಮೈ ಭಾಗವನ್ನು ತಣ್ಣೀರು, ಸ್ವಲ್ಪ ಸೋಪಿನ ನೀರಲ್ಲಿ ಕೈಯಲ್ಲೇ ಅದ್ದಿ ತೊಳೆಯಿರಿ. ಬಿಸಿ ನೀರು, ಡ್ರೈಯರ್, ಇಸ್ತ್ರಿ ಮೂರೂ ಬೇಡ, ಕೂದಲು ಕರಗಿ ಗಂಟು ಗಂಟಾಗುತ್ತದೆ. ಫೋಮ್ ತಲೆಯನ್ನು ನೀರಲ್ಲಿ ಮುಳುಗಿಸುವ ಹಾಗಿಲ್ಲ. ಒಳಗೆ ಸರ್ಜಿಕಲ್ ಸ್ಪಿರಿಟ್ ಅನ್ನು ಸ್ಪ್ರೇ ಬಾಟಲಿಯಲ್ಲಿ ತೆಳುವಾಗಿ ಹೊಡೆಯಿರಿ, ಆಗ ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಇರಬಾರದು, ಫ್ಯಾನಿನ ವೈರು ಬಿಚ್ಚಿರಬೇಕು. ಬಿಸಿಲಿಗೆ ದಿನಗಟ್ಟಲೆ ಇಟ್ಟರೆ ಫೋಮ್ ಪುಡಿಯಾಗುತ್ತದೆ, ಅಂಟು ಬಿಡುತ್ತದೆ. ಮರುದಿನ ಬೆಳಗ್ಗೆ ಹಣೆಯ ಹತ್ತಿರದ ಫೋಮನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳಿಗೆ ತೇವ ತಾಗಿದರೆ ಇನ್ನೊಂದು ರಾತ್ರಿ ಫ್ಯಾನ್ ಕೆಳಗೇ ಇರಲಿ.